ಬೆಂಗಳೂರಿನಿಂದ ಮೈಸೂರಿಗೆ ರೈಲಾ, ಬಸ್ಸಾ, ಕಾರಾ? ಇಳಿದ ಮೇಲೆ ಓಡಾಟ ಹೇಗೆ?

ಮೈಸೂರಿಗೆ ಹೇಗೆ ಬಂದರೆ ಒಳ್ಳೆಯದು ಎಂದು ಬೆಂಗಳೂರಿನ ನೆಂಟರು ಫೋನ್ ಮಾಡಿದಾಗಲೆಲ್ಲ ನಾನು ಎರಡು ವಿಷಯ ಕೇಳುತ್ತೇನೆ. ನಿಮ್ಮ ಮನೆ ಬೆಂಗಳೂರಿನ ಯಾವ ಕಡೆ? ಜೊತೆಯಲ್ಲಿ ಯಾರ್‍ಯಾರು ಬರುತ್ತಾರೆ? ಇವೆರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ತೀರ್ಮಾನ ಆದ ಹಾಗೆಯೇ.

ಜನ ಸಾಮಾನ್ಯವಾಗಿ ನಡುವಿನ ದಾರಿಯನ್ನು ಮಾತ್ರ ಲೆಕ್ಕ ಹಾಕುತ್ತಾರೆ. ವಂದೇ ಭಾರತ್‌ನಲ್ಲಿ ಎರಡು ಗಂಟೆ, ಹೊಸ ಹೈವೇಯಲ್ಲಿ ಒಂದೂವರೆ ಗಂಟೆ, ಹೀಗೆ. ಎರಡು ಊರುಗಳ ನಡುವೆ ಇರುವುದು ಸುಮಾರು 140 ಕಿಲೋಮೀಟರ್. ಈಗ ಅಷ್ಟು ದೂರಕ್ಕೆ ರೈಲೂ ತಡವಲ್ಲ, ರಸ್ತೆಯೂ ತಡವಲ್ಲ. ಹೊತ್ತು ಹಾಳಾಗುವುದು ಎರಡು ತುದಿಯಲ್ಲಿ. ಶನಿವಾರ ಬೆಳಗ್ಗೆ ವೈಟ್‌ಫೀಲ್ಡ್‌ನಿಂದ ಕಾರಿನಲ್ಲಿ ಹೊರಟು ಕೆಂಗೇರಿ ದಾಟುವುದಕ್ಕೆ ಹಿಡಿಯುವ ಸಮಯ, ಕೆಂಗೇರಿಯಿಂದ ಮೈಸೂರು ರಿಂಗ್ ರೋಡ್ ಮುಟ್ಟುವ ಸಮಯಕ್ಕೆ ಹತ್ತಿರ ಹತ್ತಿರ ಬರುತ್ತದೆ. ಅದೇ ರಾಜರಾಜೇಶ್ವರಿ ನಗರದವರಿಗೆ ಈ ತಲೆನೋವೇ ಇಲ್ಲ. ಹಾಗಾಗಿ ಇಬ್ಬರಿಗೂ ಒಂದೇ ಸಲಹೆ ಕೊಟ್ಟರೆ ತಪ್ಪಾಗುತ್ತದೆ.

ರೈಲು: ನನ್ನ ಮೊದಲ ಆಯ್ಕೆ, ಆದರೆ ಯಾವ ರೈಲು ಎಂದು ನೋಡಿಕೊಳ್ಳಿ

ಒಬ್ಬರೇ ಅಥವಾ ಇಬ್ಬರು ಬರುವುದಾದರೆ, ಇಲ್ಲವೇ ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಬರುವುದಾದರೆ ಕಣ್ಣು ಮುಚ್ಚಿ ರೈಲು ಹಿಡಿಯಿರಿ. ಎದ್ದು ಕಾಲು ಆಡಿಸಬಹುದು, ಶೌಚಾಲಯ ಇರುತ್ತದೆ, ಟ್ರಾಫಿಕ್ ಇಲ್ಲ. ಜೋಡಿ ಹಳಿ ಆಗಿ, ವಿದ್ಯುತ್ ಲೈನ್ ಬಂದ ಮೇಲೆ ಕ್ರಾಸಿಂಗ್‌ಗೆ ಎಂದು ಮಧ್ಯೆ ಕಾಯಿಸುವುದೂ ತಪ್ಪಿದೆ. ಸಾಮಾನ್ಯ ಎಕ್ಸ್‌ಪ್ರೆಸ್ ಎರಡೂವರೆ, ಮೂರು ಗಂಟೆಯಲ್ಲಿ ತಲುಪಿಸುತ್ತದೆ.

ದುಡ್ಡಿನ ವಿಷಯದಲ್ಲೂ ರೈಲನ್ನು ಮೀರಿಸುವುದು ಕಷ್ಟ. ಸಾಮಾನ್ಯ ಬೋಗಿಯಲ್ಲಿ ಒಬ್ಬರ ಟಿಕೆಟ್ ನೂರು ರೂಪಾಯಿಯ ಒಳಗೇ ಮುಗಿಯುತ್ತದೆ. ಅದಕ್ಕೆ ಮುಂಚೆ ಬುಕ್ ಮಾಡಬೇಕಿಲ್ಲ. ರೈಲ್ವೆಯ ಆ್ಯಪ್‌ನಲ್ಲೋ ಕೌಂಟರ್‌ನಲ್ಲೋ ಅದೇ ದಿನ ತೆಗೆದುಕೊಂಡರೆ ಆಯಿತು. ಸೀಟು ಖಚಿತ ಬೇಕು ಎನ್ನುವವರು ರಿಸರ್ವ್ ಮಾಡಿಕೊಳ್ಳಿ. ಅದು 60 ದಿನ ಮುಂಚೆ ತೆರೆಯುತ್ತದೆ. ಹಬ್ಬ, ರಜೆಯ ವಾರಾಂತ್ಯ ಬಿಟ್ಟರೆ ಅಷ್ಟು ಮೊದಲೇ ಓಡಬೇಕಾದ ಅಗತ್ಯ ಬೀಳುವುದಿಲ್ಲ.

ಈಗ ವಂದೇ ಭಾರತ್ ವಿಷಯ. 2022ರ ನವೆಂಬರ್ 11ರಂದು ಚೆನ್ನೈ-ಮೈಸೂರು ವಂದೇ ಭಾರತ್ ಶುರುವಾಯಿತು. 2024ರ ಮಾರ್ಚ್‌ನಲ್ಲಿ ಇನ್ನೊಂದು ಬಂತು. ಎರಡೂ ಒಳ್ಳೆಯ ರೈಲುಗಳೇ. ಆದರೆ ಅವುಗಳ ವೇಳೆ ಹೊಂದಿಸಿರುವುದು ಚೆನ್ನೈ ಲೆಕ್ಕಕ್ಕೆ. ಮೊದಲನೆಯದು ಬೆಂಗಳೂರಿಗೆ ಬರುವಷ್ಟರಲ್ಲಿ ಬೆಳಗ್ಗೆ ಹತ್ತು ದಾಟಿರುತ್ತದೆ, ಮೈಸೂರು ಮುಟ್ಟುವಾಗ ಮಧ್ಯಾಹ್ನ ಹನ್ನೆರಡು ಮೀರಿರುತ್ತದೆ. ಶತಾಬ್ದಿಯ ಕಥೆಯೂ ಹೆಚ್ಚುಕಮ್ಮಿ ಅದೇ. ಎರಡನೇ ವಂದೇ ಭಾರತ್ ಬೆಳಗ್ಗೆ ಮೈಸೂರಿನಿಂದ ಹೊರಟು ರಾತ್ರಿ ವಾಪಸ್ ಬರುವಂಥದ್ದು. ಒಂದೇ ದಿನದಲ್ಲಿ ಬಂದು ಹೋಗುವವರಿಗೆ ಹೆಚ್ಚು ದುಡ್ಡು ಕೊಟ್ಟು ವೇಗದ ರೈಲು ಹತ್ತಿ, ಬೆಳಗಿನ ತಂಪು ಹೊತ್ತನ್ನೆಲ್ಲ ಬೆಂಗಳೂರಲ್ಲೇ ಕಳೆಯುವುದರಲ್ಲಿ ಏನು ಅರ್ಥ? ಬೆಳಗ್ಗೆ ಬೇಗ ಹೊರಡುವ ಎಕ್ಸ್‌ಪ್ರೆಸ್ ಅಥವಾ ಮೆಮು (ಊರೂರಲ್ಲಿ ನಿಲ್ಲುವ ವಿದ್ಯುತ್ ರೈಲು) ಒಂದು ಗಂಟೆ ತಡವಾಗಿ ಓಡಿದರೂ ನಿಮ್ಮನ್ನು ಅವಕ್ಕಿಂತ ಎಷ್ಟೋ ಮುಂಚೆ ಮೈಸೂರಲ್ಲಿ ಇಳಿಸಿರುತ್ತದೆ. ವಂದೇ ಭಾರತ್ ಸರಿಹೋಗುವುದು ರಾತ್ರಿ ಉಳಿಯುವವರಿಗೆ. ಮಧ್ಯಾಹ್ನ ಹೋಟೆಲ್ ರೂಮಿಗೆ ಸೇರಿ, ಊಟ ಮಾಡಿ, ಸಂಜೆಗೆ ಹೊರಡಬಹುದು.

ಶುಕ್ರವಾರ ಸಂಜೆ ಆಫೀಸ್ ಮುಗಿಸಿ ಬರುವವರ ಕಣ್ಣು ಚಾಮುಂಡಿ ಎಕ್ಸ್‌ಪ್ರೆಸ್ ಮೇಲೆ ಬೀಳುತ್ತದೆ. ಅದು ದಿನನಿತ್ಯ ಕೆಲಸಕ್ಕೆ ಓಡಾಡುವವರ ರೈಲು. ಬೆಳಗ್ಗೆ ಮೈಸೂರು, ಮಂಡ್ಯದಿಂದ ಬೆಂಗಳೂರಿಗೆ, ಸಂಜೆ ವಾಪಸ್. ಪಾಸ್ ಇರುವವರು ತಮ್ಮ ತಮ್ಮ ಬೋಗಿ, ತಮ್ಮ ತಮ್ಮ ಜಾಗ ಎಂದು ಕೂರುತ್ತಾರೆ. ರಾಮನಗರ, ಚನ್ನಪಟ್ಟಣ ಬರುವ ತನಕ ನಿಲ್ಲಲೂ ಜಾಗ ಇರುವುದಿಲ್ಲ. ಮಂಡ್ಯ ದಾಟಿದ ಮೇಲೆ ಅರ್ಧ ರೈಲು ಖಾಲಿ. ರಿಸರ್ವೇಶನ್ ಇಲ್ಲದೆ ಮಕ್ಕಳು ಮರಿ ಕಟ್ಟಿಕೊಂಡು ಅದನ್ನು ಹತ್ತಬೇಡಿ.

ರೈಲಿನ ಪರವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಹೊಸ ಹೈವೇ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಪಕ್ಕಕ್ಕೆ ಸರಿಸಿ ಓಡುತ್ತದೆ. ಹಳಿ ಮಾತ್ರ ಈಗಲೂ ಆ ಊರುಗಳ ಒಳಗೇ ಹೋಗುತ್ತದೆ. ಮದ್ದೂರು ಹತ್ತಿರ ಬರುತ್ತಿದ್ದ ಹಾಗೆ ಬುಟ್ಟಿ ಹಿಡಿದವರು ಬೋಗಿ ಹತ್ತುತ್ತಾರೆ. ‘ವಡೆ, ವಡೆ, ಮದ್ದೂರ್ ವಡೆ’ ಎಂಬ ಕೂಗು ಎರಡು ಬೋಗಿ ಆಚೆಯಿಂದಲೇ ಕೇಳುತ್ತದೆ. ಪೇಪರ್ ತುಂಡಿನಲ್ಲಿ ಸುತ್ತಿ ಕೊಟ್ಟ ವಡೆಯ ಅಂಚು ಗರಿಗರಿ, ನಡುವೆ ಈರುಳ್ಳಿ ಸ್ವಲ್ಪ ಕಪ್ಪಗೆ ಹುರಿದಿರುತ್ತದೆ. ಅದನ್ನು ತಿಂದು ಮುಗಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಮಂಡ್ಯದ ಕಬ್ಬಿನ ಗದ್ದೆ ಶುರು. ಆಮೇಲೆ ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟಿ, ಕೋಟೆಯ ಒಳಗೇ ರೈಲು ನುಗ್ಗುತ್ತದೆ. ಇಲ್ಲಿ ಜೋಡಿ ಹಳಿ ಹಾಕಲು ಟಿಪ್ಪು ಕಾಲದ ಶಸ್ತ್ರಾಗಾರವೊಂದು ಅಡ್ಡ ಇತ್ತು. ಅದನ್ನು ಒಡೆಯದೆ, 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿ ಇಟ್ಟರು. ಇಂಥ ಕೆಲಸ ನಮ್ಮಲ್ಲಿ ನಡೆಯಿತು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ.

ವೈಟ್‌ಫೀಲ್ಡ್, ಇಂದಿರಾನಗರ ಕಡೆಯವರಿಗೆ ನೇರಳೆ ಮೆಟ್ರೋ ಸೀದಾ ಸಿಟಿ ರೈಲ್ವೆ ಸ್ಟೇಷನ್ ಬಾಗಿಲಿಗೇ ತಂದು ಬಿಡುತ್ತದೆ. ಒಂದನ್ನು ಮಾತ್ರ ಮರೆಯಬೇಡಿ: ಭಾನುವಾರ ಮೆಟ್ರೋ ಬೇರೆ ದಿನಗಳಿಗಿಂತ ತಡವಾಗಿ ಶುರುವಾಗುತ್ತದೆ. ಭಾನುವಾರ ಬೆಳಗಿನ ರೈಲಿಗೆ ಟಿಕೆಟ್ ಮಾಡಿಸಿದ್ದರೆ ಆಟೋ ಅಥವಾ ಕ್ಯಾಬ್ ಯೋಚನೆ ಮೊದಲೇ ಇರಲಿ.

ಬಸ್ಸು: ಯೋಚನೆ ಮಾಡದೆ ಹೊರಡುವವರಿಗೆ

ರೈಲಿಗೆ ವೇಳೆ ನೋಡಬೇಕು. ಬಸ್ಸಿಗೆ ಅದೂ ಬೇಡ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಹೋಗಿ ನಿಂತರೆ ಒಂದಲ್ಲ ಒಂದು ಮೈಸೂರು ಬಸ್ಸು ಹೊರಡಲು ಸಿದ್ಧ ಇರುತ್ತದೆ. ‘ಮೈಸೂರ್, ಮೈಸೂರ್, ನಾನ್‌ಸ್ಟಾಪ್’ ಎಂದು ಕಂಡಕ್ಟರ್ ಕೂಗುತ್ತಿರುತ್ತಾರೆ, ನಿಮ್ಮ ಕೆಲಸ ಹತ್ತುವುದಷ್ಟೇ. ಮೆಟ್ರೋದಲ್ಲಿ ಬರುವವರಿಗೆ ಹತ್ತಿರದ ನಿಲ್ದಾಣ ದೀಪಾಂಜಲಿ ನಗರ. ಮೆಜೆಸ್ಟಿಕ್‌ನಿಂದಲೂ ಬಸ್ಸುಗಳಿವೆ, ಆದರೆ ಅಲ್ಲಿ ಹತ್ತಿದರೆ ಊರು ದಾಟುವ ಹೊತ್ತನ್ನು ಬಸ್ಸಿನಲ್ಲಿ ಕೂತೇ ಕಳೆಯಬೇಕು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಹೆಣ್ಣುಮಕ್ಕಳ ಲೆಕ್ಕವೇ ಬದಲಾಯಿತು. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದರೆ ಕೆಂಪು ಬಸ್ಸಿನಲ್ಲಿ, ಅಂದರೆ ಕರ್ನಾಟಕ ಸಾರಿಗೆಯಲ್ಲಿ, ಟಿಕೆಟ್ ಉಚಿತ. ಮೈಸೂರಿನ ಸಾಮಾನ್ಯ ಸಿಟಿ ಬಸ್ಸುಗಳಿಗೂ ಇದು ಅನ್ವಯ. ರಾಜಹಂಸ, ಐರಾವತ, ಎಲೆಕ್ಟ್ರಿಕ್ ಇವಿ ಪವರ್ ಪ್ಲಸ್ ಇವಕ್ಕೆ ಇಲ್ಲ. ಇದನ್ನು ಬರೀ ದುಡ್ಡು ಉಳಿಸುವ ವಿಷಯ ಎಂದು ನೋಡಬೇಡಿ. ಮೊದಲು ‘ಇಷ್ಟು ಖರ್ಚು ಯಾಕೆ’ ಎಂದು ಮನೆಯಲ್ಲೇ ಉಳಿಯುತ್ತಿದ್ದ ಅಮ್ಮಂದಿರು, ಅತ್ತೆಯಂದಿರು ಈಗ ನಾಲ್ಕೈದು ಜನ ಸೇರಿ ಚಾಮುಂಡಿ ದರ್ಶನಕ್ಕೆ ಬರುತ್ತಾರೆ. ಸಂಜೆ ಕೈಯಲ್ಲಿ ಮಲ್ಲಿಗೆ ಹೂವಿನ ಪೊಟ್ಟಣ, ಪ್ರಸಾದದ ಚೀಲ ಹಿಡಿದು ವಾಪಸ್ ಬಸ್ಸಿಗೆ ನಿಂತಿರುವುದನ್ನು ನೋಡಿದರೆ ಖುಷಿಯಾಗುತ್ತದೆ. ಒಂದೇ ತೊಂದರೆ, ವಾರಾಂತ್ಯ ಆ ಬಸ್ಸುಗಳಲ್ಲಿ ನೂಕುನುಗ್ಗಲು ಜಾಸ್ತಿ. ಮಂಗಳವಾರ, ಬುಧವಾರ ಬಂದರೆ ಆರಾಮ. ಮಂಗಳವಾರದ ಬಗ್ಗೆ ಇನ್ನೊಂದು ಮಾತು ಮುಂದೆ ಇದೆ, ಅದನ್ನೂ ಓದಿ.

ಮಂಡಿ ನೋವು, ಬೆನ್ನು ನೋವು ಇರುವವರಿಗೆ ಕೆಂಪು ಬಸ್ಸಿನ ಸೀಟು ಮೂರು ಗಂಟೆಗೆ ಒಗ್ಗುವುದಿಲ್ಲ. ಅವರಿಗೆ ಎಲೆಕ್ಟ್ರಿಕ್ ಬಸ್ಸು ಒಳ್ಳೆಯದು. ಎಂಜಿನ್ ಸದ್ದಿಲ್ಲ, ಅದುರುವುದಿಲ್ಲ, ಎಸಿ ಇದೆ.

ಹೊರದೇಶದಿಂದ ಬರುವ ಕನ್ನಡಿಗರಿಗೆ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸೀದಾ ಮೈಸೂರಿಗೆ ಫ್ಲೈಬಸ್ ಇದೆ. ರಾತ್ರಿಯೆಲ್ಲ ವಿಮಾನದಲ್ಲಿ ಕೂತು ಬಂದವರು ಎರಡು ಸೂಟ್‌ಕೇಸ್ ಎಳೆದುಕೊಂಡು ಮೆಜೆಸ್ಟಿಕ್‌ಗೆ ಬಂದು ರೈಲು ಹುಡುಕುವುದು ಬೇಡ. ಸಾಮಾನು ಬಸ್ಸಿನ ಹೊಟ್ಟೆಗೆ ಹಾಕಿ ನಿದ್ದೆ ಮಾಡಿ.

ಕಾರು: ನಾಲ್ಕು ಜನ ಇದ್ದರೆ, ಊರ ಹೊರಗೂ ಸುತ್ತುವುದಿದ್ದರೆ

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಹೈವೇ 118 ಕಿಲೋಮೀಟರ್ ಉದ್ದ. ನಡುವೆ ಆರು ಪಥ, ಎರಡು ಪಕ್ಕದಲ್ಲಿ ಸರ್ವಿಸ್ ರಸ್ತೆ. ಟೋಲ್ ಎರಡು ಕಡೆ: ಬಿಡದಿ ಹತ್ತಿರ ಒಂದು, ಶ್ರೀರಂಗಪಟ್ಟಣಕ್ಕೆ ಮೊದಲು ಗಣಂಗೂರಿನಲ್ಲಿ ಒಂದು. 24 ಗಂಟೆಯೊಳಗೆ ವಾಪಸ್ ಬಂದರೆ ಹೋಗಿ ಬರುವ ಎರಡೂ ಓಡಾಟಕ್ಕೆ ಸೇರಿ, ಒಂದು ಸಲದ ಟೋಲಿನ ಒಂದೂವರೆ ಪಟ್ಟು ಮಾತ್ರ ಕಡಿತವಾಗುತ್ತದೆ. ಪೆಟ್ರೋಲ್, ಟೋಲ್, ಪಾರ್ಕಿಂಗ್ ಎಲ್ಲ ಸೇರಿಸಿ ನಾಲ್ಕು ಜನಕ್ಕೆ ಹಂಚಿದರೆ ಎಸಿ ಬಸ್ಸಿನ ಆಸುಪಾಸು ಬರುತ್ತದೆ. ಇಬ್ಬರಿಗೆ ಹಂಚಿದರೆ ದುಬಾರಿ.

ವೇಗದ ಬಗ್ಗೆ ಕೈ ಮುಗಿದು ಹೇಳುತ್ತೇನೆ. ಕಾರಿಗೆ ಮಿತಿ ಗಂಟೆಗೆ 100 ಕಿಲೋಮೀಟರ್. ದಾರಿಯುದ್ದಕ್ಕೂ ಕ್ಯಾಮೆರಾ ಇವೆ, ದಂಡದ ಮೆಸೇಜ್ ಮೊಬೈಲಿಗೆ ಬರುತ್ತದೆ. ಹೈವೇ ತೆರೆದ ಮೊದಲ ತಿಂಗಳುಗಳಲ್ಲಿ ಇಲ್ಲಿ ಸತ್ತವರ ಸುದ್ದಿ ಓದದ ದಿನ ಇರಲಿಲ್ಲ. ಕ್ಯಾಮೆರಾ, ಗಸ್ತು ಬಂದ ಮೇಲೆ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. ಹತ್ತು ನಿಮಿಷ ಉಳಿಸಲು ಹೋಗಬೇಡಿ. ಅದು ಕೆಂಗೇರಿ ಸಿಗ್ನಲ್‌ನಲ್ಲಿ ಹೇಗೂ ಕಳೆದುಹೋಗುತ್ತದೆ.

ಬೈಕ್, ಸ್ಕೂಟರ್, ಆಟೋಗಳನ್ನು 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಬರಬೇಕು. ಊರೂರು ಹೊಕ್ಕು, ಹಂಪ್ ಎಣಿಸುತ್ತಾ ಬರುವ ಪ್ರಯಾಣ ಅದು. ಬೈಕ್ ಓಡಿಸುವುದೇ ಖುಷಿ ಎನ್ನುವವರು ಬನ್ನಿ. ಉಳಿದವರು ರೈಲಲ್ಲಿ ಬಂದು ಮೈಸೂರಲ್ಲಿ ಬಾಡಿಗೆ ಸ್ಕೂಟರ್ ತೆಗೆದುಕೊಳ್ಳಿ. ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕು.

ಮಕ್ಕಳಿರುವವರು ಇನ್ನೊಂದು ವಿಷಯ ಗಮನಿಸಿ. ಮುಖ್ಯ ರಸ್ತೆಗೆ ಹತ್ತಿದ ಮೇಲೆ ಬೇಕಾದಲ್ಲಿ ನಿಲ್ಲಿಸುವ ಹಾಗಿಲ್ಲ. ಹಳೆ ರಸ್ತೆಯಲ್ಲಿ ಹತ್ತು ನಿಮಿಷಕ್ಕೊಂದು ಹೋಟೆಲ್ ಇತ್ತು, ಎಳನೀರು ಇತ್ತು, ಚನ್ನಪಟ್ಟಣದ ಬೊಂಬೆ ಅಂಗಡಿಗಳ ಸಾಲೇ ಇತ್ತು. ಈಗ ಅವು ಬೇಕು ಎಂದರೆ ಸರಿಯಾದ ಜಾಗದಲ್ಲಿ ಕೆಳಗಿಳಿಯಬೇಕು. ನನ್ನ ಸಲಹೆ, ಬರುವಾಗ ಒಂದು ಕಡೆಯಾದರೂ ಬೇಕೆಂದೇ ಇಳಿಯಿರಿ. ಚನ್ನಪಟ್ಟಣಕ್ಕೆ ಹೋಗಿ, ಅರಗು ಬಣ್ಣದ ಆಟಿಕೆ ಮಾಡುವವರ ಹತ್ತಿರವೇ ಒಂದು ಬುಗುರಿಯೋ, ಗಿಲಕಿಯೋ ಕೊಳ್ಳಿ. ಹೈವೇ ಪಕ್ಕಕ್ಕೆ ಸರಿದು ಹೋದ ಮೇಲೆ ಆ ಅಂಗಡಿಗಳವರಿಗೆ ವ್ಯಾಪಾರ ಕಡಿಮೆಯಾಗಿದೆ. ನಿಮ್ಮ ಇಪ್ಪತ್ತು ನಿಮಿಷಕ್ಕೆ ಅಲ್ಲಿ ಬೆಲೆ ಇದೆ.

ಬೇರೆ ದಿಕ್ಕಿನಿಂದ ಬರುವವರು

ಶಿವಮೊಗ್ಗ, ಸಾಗರ ಕಡೆಯವರಿಗೆ ತಾಳಗುಪ್ಪದಿಂದ ರಾತ್ರಿ ಹೊರಟು ಬರುವ ರೈಲು ಇದೆ. ಹುಬ್ಬಳ್ಳಿ, ಹೊಸಪೇಟೆಯವರಿಗೆ ಹಂಪಿ ಎಕ್ಸ್‌ಪ್ರೆಸ್. ಇಷ್ಟು ದೂರಕ್ಕೆ ರಾತ್ರಿ ರೈಲಿನ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ಮಡಿಕೇರಿಯವರಿಗೆ ರೈಲೇ ಇಲ್ಲ, ಬಸ್ಸೇ ಗತಿ, ಆದರೆ ಬಸ್ಸುಗಳು ಧಾರಾಳವಾಗಿವೆ.

ಮೈಸೂರಲ್ಲಿ ಇಳಿದ ಮೇಲೆ

ಊರ ನಡುವಿನ ಭಾಗವನ್ನು ನಡೆದೇ ನೋಡಬೇಕು. ಗ್ರಾಮಾಂತರ ಬಸ್ ನಿಲ್ದಾಣದಿಂದ ಅರಮನೆಗೆ ಹದಿನೈದು ನಿಮಿಷದ ನಡಿಗೆ. ರೈಲ್ವೆ ಸ್ಟೇಷನ್‌ನಿಂದ ಸ್ವಲ್ಪ ದೂರ, ಎರಡು ಕಿಲೋಮೀಟರ್ ಆಸುಪಾಸು. ಸಾಮಾನು ಇದ್ದರೆ ಆಟೋ ಹಿಡಿಯಿರಿ. ಅರಮನೆ, ದೊಡ್ಡ ಗಡಿಯಾರ, ಕೆ.ಆರ್. ಸರ್ಕಲ್, ಚಿಕ್ಕ ಗಡಿಯಾರ, ದೇವರಾಜ ಮಾರುಕಟ್ಟೆ, ಜಗನ್ಮೋಹನ ಅರಮನೆ ಇವೆಲ್ಲ ಒಂದಕ್ಕೊಂದು ಕೂಗಳತೆಯಲ್ಲಿವೆ. ದೇವರಾಜ ಅರಸು ರಸ್ತೆ ಒನ್ ವೇ. ಕಾರಲ್ಲಿ ಬಂದವರು ಸುತ್ತಿ ಸುತ್ತಿ ಪಾರ್ಕಿಂಗ್ ಹುಡುಕುವ ಹೊತ್ತಿಗೆ ನಡೆದು ಬಂದವರು ಮಾರುಕಟ್ಟೆಯಲ್ಲಿ ವೀಳ್ಯದೆಲೆ ಕೊಂಡು ಮುಗಿಸಿರುತ್ತಾರೆ. ಕಾರನ್ನು ಅರಮನೆ ಎದುರಿನ ವಸ್ತುಪ್ರದರ್ಶನ ಮೈದಾನದ ಕಡೆ ನಿಲ್ಲಿಸಿ, ಸಂಜೆವರೆಗೆ ಅದನ್ನು ಮರೆತುಬಿಡಿ.

ಹೊಸಬರು ಎಡವುವುದು ಅರಮನೆಯ ಬಾಗಿಲಲ್ಲಿ. ಕೆ.ಆರ್. ಸರ್ಕಲ್ ಕಡೆಯಿಂದ ಬಂದರೆ ಕಾಣುವುದು ಉತ್ತರದ ಬಲರಾಮ ದ್ವಾರ. ಟಿಕೆಟ್ ಕೊಡುವುದು ದಕ್ಷಿಣದ ವರಾಹ ದ್ವಾರದಲ್ಲಿ. ಕೋಟೆ ಗೋಡೆ ಬಳಸಿಕೊಂಡು ಬಿಸಿಲಲ್ಲಿ ಹತ್ತು ಹದಿನೈದು ನಿಮಿಷ ನಡೆಯಬೇಕು. ವಯಸ್ಸಾದವರು ಜೊತೆಗಿದ್ದರೆ ಆಟೋದವರಿಗೆ ‘ಅರಮನೆ’ ಎನ್ನಬೇಡಿ, ‘ವರಾಹ ಗೇಟ್’ ಎನ್ನಿ. ಒಳಗೆ ಚಪ್ಪಲಿ ಬಿಡಬೇಕು. ಬೆಳಗ್ಗೆ 10ರಿಂದ ಸಂಜೆ 5.30ರವರೆಗೆ ತೆರೆದಿರುತ್ತದೆ. ಹತ್ತಕ್ಕೇ ಹೋಗಿ ನಿಂತರೆ ಕಲ್ಯಾಣ ಮಂಟಪದ ಬಣ್ಣದ ಗಾಜಿನ ಚಾವಣಿಯ ಕೆಳಗೆ ನೆಮ್ಮದಿಯಾಗಿ ಕತ್ತೆತ್ತಿ ನೋಡಬಹುದು. ಹನ್ನೊಂದೂವರೆ ಆದರೆ ಶಾಲೆ ಮಕ್ಕಳ ಸಾಲು ಶುರು. ಹಳೆಯ ಮರದ ಅರಮನೆ 1897ರಲ್ಲಿ ಮದುವೆ ಸಂಭ್ರಮದ ನಡುವೆ ಸುಟ್ಟುಹೋಗಿ, ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಈಗಿನದು 1912ಕ್ಕೆ ಮುಗಿಯಿತು. ಗೋಡೆಗಳ ಮೇಲೆ ದಸರಾ ಮೆರವಣಿಗೆಯ ಚಿತ್ರಗಳು ಸಾಲಾಗಿವೆ. ಮೆರವಣಿಗೆಯ ಜನರ ಮುಖ ಒಂದೊಂದೂ ಬೇರೆ ಬೇರೆ. ಅವಸರದಲ್ಲಿ ದಾಟಿಬಿಟ್ಟರೆ ಅದು ಕಾಣುವುದಿಲ್ಲ. ಎರಡು ಗಂಟೆಯಾದರೂ ಇಟ್ಟುಕೊಳ್ಳಿ.

ಮೃಗಾಲಯ, ಕಾರಂಜಿ ಕೆರೆಗೆ ಆಟೋ ಸರಿ. ರೈಲ್ವೆ ಸ್ಟೇಷನ್‌ನಲ್ಲಿ ಪ್ರೀಪೇಯ್ಡ್ ಆಟೋ ಕೌಂಟರ್ ಇದೆ, ಊರೊಳಗೆ ಆ್ಯಪ್ ಆಟೋಗಳೂ ಸಿಗುತ್ತವೆ. ಅರಮನೆ ಮುಂದೆ ‘ಇಡೀ ಮೈಸೂರು ತೋರಿಸ್ತೀನಿ ಬನ್ನಿ ಸರ್’ ಎಂದು ತೀರಾ ಕಡಿಮೆ ದುಡ್ಡಿಗೆ ಕರೆಯುವವರು ಇರುತ್ತಾರೆ. ಅಷ್ಟು ಕಡಿಮೆ ಯಾಕೆ ಎಂದರೆ ನಡುವೆ ಅಗರಬತ್ತಿ, ಎಣ್ಣೆ, ರೇಷ್ಮೆ ಅಂಗಡಿಗಳಿಗೆ ಕರೆದೊಯ್ಯುತ್ತಾರೆ, ಅಲ್ಲಿ ಅವರಿಗೆ ಕಮಿಷನ್ ಉಂಟು. ನಿಮ್ಮ ಅರ್ಧ ದಿನ ಅಲ್ಲೇ ಹೋಗುತ್ತದೆ. ‘ಅಂಗಡಿ ಬೇಡ, ಮೀಟರ್ ಹಾಕಿ’ ಎಂದು ಮೊದಲೇ ಹೇಳಿ. ಮೈಸೂರಿನ ಬಹುಪಾಲು ಆಟೋದವರು ಒಳ್ಳೆಯವರು, ದಾರಿ ಕೇಳಿದರೆ ಊಟದ ಹೋಟೆಲ್ ಸಮೇತ ಹೇಳುತ್ತಾರೆ.

ಟಾಂಗಾ ಗಾಡಿ ಈಗಲೂ ಅರಮನೆ ಸುತ್ತ ಸಿಗುತ್ತದೆ. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಲು ಅದು ಸಾಧನವಲ್ಲ. ಸಂಜೆ ಮಕ್ಕಳನ್ನು ಕೂರಿಸಿ ಅರಮನೆ ಸುತ್ತ ಒಂದು ಸುತ್ತು ಬರಲು ಚೆನ್ನ. ಹತ್ತುವ ಮೊದಲೇ ದುಡ್ಡು ಮಾತಾಡಿ. ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ‘ಅಂಬಾರಿ’ ಡಬಲ್ ಡೆಕ್ಕರ್ ಬಸ್ಸಿನ ಮೇಲ್ಮಹಡಿ ತೆರೆದಿರುತ್ತದೆ. ದಸರಾ ದೀಪ ಹಾಕಿದ ರಾತ್ರಿಗಳಲ್ಲಿ ಅದರ ಮೇಲೆ ಕೂತು ಊರು ಸುತ್ತುವುದಕ್ಕೆ ಸಮನಾದದ್ದು ಇಲ್ಲ. ಮಾಮೂಲಿ ಮಧ್ಯಾಹ್ನದ ಬಿಸಿಲಲ್ಲಿ ಬೇಡ.

ಬೆಟ್ಟಕ್ಕೆ ಯಾವುದರಲ್ಲಿ?

ಚಾಮುಂಡಿ ಬೆಟ್ಟಕ್ಕೆ ಮೂರು ದಾರಿ: ಸಿಟಿ ಬಸ್ಸು, ಸ್ವಂತ ಗಾಡಿ, ಮೆಟ್ಟಿಲು. ಊರ ನಡುವಿನ ಸಿಟಿ ಬಸ್ ನಿಲ್ದಾಣದಿಂದ 201 ನಂಬರಿನ ಬಸ್ಸು ಬೆಟ್ಟದ ಮೇಲಿನ ತನಕ ಹೋಗುತ್ತದೆ. ರಸ್ತೆಯಲ್ಲಿ ಸುಮಾರು 13 ಕಿಲೋಮೀಟರ್. ತಿರುವುಗಳಲ್ಲಿ ಊರು ಮೆಲ್ಲಗೆ ಕೆಳಗೆ ಬಿಚ್ಚಿಕೊಳ್ಳುತ್ತದೆ. ಇಷ್ಟು ಕಡಿಮೆ ದುಡ್ಡಿಗೆ ಇಂಥ ನೋಟ ಬೇರೆಲ್ಲೂ ಸಿಗಲಾರದು. ಆಟೋ ಹಿಡಿದರೆ ವಾಪಸ್ ಬರುವುದಕ್ಕೂ ಸೇರಿಸಿ ಕೇಳುತ್ತಾರೆ, ಕಾಯುವ ದುಡ್ಡು ಬೇರೆ. ಆದ್ದರಿಂದ ಬೆಟ್ಟಕ್ಕೆ ಮಾತ್ರ ನಾನು ಯಾರಿಗೂ ಆಟೋ ಹೇಳುವುದಿಲ್ಲ.

ಮೆಟ್ಟಿಲು ಸಾವಿರಕ್ಕೂ ಹೆಚ್ಚು. ಹತ್ತುವ ಆಸೆ ಇದ್ದರೆ ಬೆಳಗ್ಗೆ ಆರಕ್ಕೆಲ್ಲ ಪಾದದ ಹತ್ತಿರ ಇರಿ. ಮೈಸೂರಿನವರು ಆ ಹೊತ್ತಿಗೆ ಹತ್ತಿ ಇಳಿಯುತ್ತಿರುತ್ತಾರೆ. ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿ ಹತ್ತುವ ಹೆಣ್ಣುಮಕ್ಕಳು ಸಿಗುತ್ತಾರೆ. ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ನಂದಿ ಇರುವುದು ಅರ್ಧಕ್ಕಿಂತ ಹೆಚ್ಚು ಹತ್ತಿದ ಮೇಲೆ. ದೊಡ್ಡ ದೇವರಾಜ ಒಡೆಯರ ಕಾಲದ್ದು. ಬಸ್ಸಲ್ಲಿ ನೇರ ಮೇಲೆ ಹೋದವರು ಎಷ್ಟೋ ಜನ ನಂದಿಯನ್ನು ನೋಡದೆಯೇ ವಾಪಸ್ ಹೋಗುತ್ತಾರೆ, ಇದು ನನಗೆ ಬೇಸರದ ವಿಷಯ. ಬಸ್ಸಲ್ಲಿ ಹೋಗಿ ಮೆಟ್ಟಿಲಲ್ಲಿ ಇಳಿದರಾಯಿತು ಅಲ್ವಾ ಎಂದು ಕೇಳುತ್ತಾರೆ. ಮಂಡಿ ಗಟ್ಟಿ ಇದ್ದರೆ ಸರಿ. ಮಂಡಿ ನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಹಿಂಸೆ. ಅವರು ಮೆಲ್ಲಗೆ ಹತ್ತಿ, ಬಸ್ಸಲ್ಲಿ ಇಳಿಯಲಿ.

ಆಷಾಢದ ಶುಕ್ರವಾರಗಳಲ್ಲಿ ಇದೆಲ್ಲ ಬದಲು. ಖಾಸಗಿ ವಾಹನ ಮೇಲೆ ಬಿಡುವುದಿಲ್ಲ. ಲಲಿತಮಹಲ್ ಹತ್ತಿರದ ಮೈದಾನದಲ್ಲಿ ಗಾಡಿ ನಿಲ್ಲಿಸಿ, ಅಲ್ಲಿಂದ ಸಾರಿಗೆ ಬಸ್ಸಲ್ಲಿ ಹೋಗಬೇಕು. ತಾಯಿಯ ದರ್ಶನಕ್ಕೆಂದೇ ಬರುವವರು ಆ ದಿನ ಬನ್ನಿ. ಊರು ನೋಡಲು ಬರುವವರು ಬೇರೆ ದಿನ ನೋಡಿಕೊಳ್ಳಿ.

ಊರ ಹೊರಗಿನ ಜಾಗಗಳು

ಶ್ರೀರಂಗಪಟ್ಟಣಕ್ಕೆ ಕಾರು ಬೇಕಿಲ್ಲ. ರೈಲ್ವೆ ಸ್ಟೇಷನ್ ಕೋಟೆಯ ಒಳಗೇ ಇದೆ, ರಂಗನಾಥಸ್ವಾಮಿ ದೇವಸ್ಥಾನ ಪಕ್ಕದಲ್ಲೇ. ಬೆಂಗಳೂರಿನಿಂದ ಬರುವಾಗಲೇ ಇಲ್ಲಿ ಇಳಿದು, ನೋಡಿಕೊಂಡು, ಮುಂದಿನ ರೈಲು ಅಥವಾ ಬಸ್ಸಿಗೆ ಮೈಸೂರಿಗೆ ಬರಬಹುದು. ನಿಮ್ಮ ರೈಲು ಅಲ್ಲಿ ನಿಲ್ಲುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ, ವೇಗದವು ನಿಲ್ಲುವುದಿಲ್ಲ. ರಂಗನತಿಟ್ಟಿಗೆ ಅಲ್ಲಿಂದ ಆಟೋ. ನದಿ ತುಂಬಿ ಹರಿಯುವಾಗ ದೋಣಿ ನಿಲ್ಲಿಸುತ್ತಾರೆ, ಮಳೆಗಾಲದಲ್ಲಿ ವಿಚಾರಿಸಿ ಹೋಗಿ. ನಂಜನಗೂಡಿಗೂ ರೈಲು, ಬಸ್ಸು ಎರಡೂ ಇವೆ.

ಸೋಮನಾಥಪುರ ಮಾತ್ರ ಕಾರಿನ ಜಾಗ. ಬಸ್ಸು ಬದಲಿಸಿ ಹೋಗಬಹುದು, ಆದರೆ ಕಾಯುವುದರಲ್ಲೇ ದಿನ ಮುಗಿಯುತ್ತದೆ. ಅರ್ಧ ದಿನಕ್ಕೆ ಟ್ಯಾಕ್ಸಿ ಮಾಡಿ ಹೋಗಿ. ಚೆನ್ನಕೇಶವ ದೇವಸ್ಥಾನದ ಹೊರಗೋಡೆ ಮುಂದೆ ನಿಂತಾಗ ಆ ಖರ್ಚು ನೆನಪಿಗೇ ಬರುವುದಿಲ್ಲ.

ಕೆಆರ್‌ಎಸ್ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ಹಿಡಿಸುವುದಿಲ್ಲ. ಒಂದೇ ದಿನಕ್ಕೆ ಬಂದವರು ಬೃಂದಾವನಕ್ಕೆ ಹೋಗಬೇಡಿ. ಸಂಗೀತ ಕಾರಂಜಿ ಕತ್ತಲಾದ ಮೇಲೆ. ಅದು ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ವಾರಾಂತ್ಯದಲ್ಲಿ ಆ ಕಿರಿದಾದ ರಸ್ತೆಯಲ್ಲಿ ಗಾಡಿಗಳು ಇಂಚಿಂಚೇ ಸರಿಯುತ್ತವೆ. ಬೆಂಗಳೂರಿನ ಕೊನೆಯ ರೈಲು ತಪ್ಪುವುದು ಹೀಗೆಯೇ. ರಾತ್ರಿ ಉಳಿಯುವವರು ಹೋಗಿ ಬನ್ನಿ. ಅಣೆಕಟ್ಟೆ ತುಂಬಿ ನೀರಿನ ಮಟ್ಟ 124.80 ಅಡಿ ಮುಟ್ಟಿ, ಗೇಟು ತೆಗೆದಿದ್ದಾರೆ ಎಂಬ ಸುದ್ದಿ ಬಂದರೆ ಮಾತ್ರ ನನ್ನ ಸಲಹೆ ಬದಿಗಿಟ್ಟು ಹಗಲಲ್ಲೇ ಓಡಿ.

ಯಾವ ದಿನ ಬರುವುದು, ಯಾವಾಗ ಹೊರಡುವುದು

ಮಂಗಳವಾರ ಮೃಗಾಲಯ, ಕಾರಂಜಿ ಕೆರೆ ಎರಡಕ್ಕೂ ರಜೆ. ಮಕ್ಕಳಿಗೆ ಆನೆ ಜಿರಾಫೆ ತೋರಿಸುತ್ತೇನೆ ಎಂದು ಮಾತು ಕೊಟ್ಟು ಮಂಗಳವಾರ ಬಂದವರ ಮಕ್ಕಳ ಮುಖವನ್ನು ಗೇಟಿನ ಮುಂದೆ ನೋಡಲಾಗುವುದಿಲ್ಲ. ದೊಡ್ಡವರಷ್ಟೇ ಬರುವುದಾದರೆ ಮಂಗಳವಾರವೇ ಒಳ್ಳೆಯದು, ಊರು ಖಾಲಿ ಇರುತ್ತದೆ.

ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜೆಯ ದಿನ, ಸಂಜೆ ಏಳರ ಸುಮಾರಿಗೆ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬುಗಳು ಒಂದೇ ಕ್ಷಣಕ್ಕೆ ಹತ್ತಿಕೊಳ್ಳುತ್ತವೆ. ಆದರೆ ಅದನ್ನು ನೋಡಿ ಹೊರಟರೆ ಭಾನುವಾರ ರಾತ್ರಿಯ ಬೆಂಗಳೂರು ದಾರಿಗೆ ಬೀಳುತ್ತೀರಿ. ಬಿಡದಿಯಿಂದ ಆಚೆ ಸಾಲು ಶುರು, ಕೆಂಗೇರಿಯಲ್ಲಿ ನಿಂತೇ ಬಿಡುತ್ತದೆ. ದೀಪ ನೋಡಲೇಬೇಕು ಎನ್ನುವವರಿಗೆ ಎರಡು ದಾರಿ. ರಾತ್ರಿ ರೈಲಿಗೆ ವಾಪಸ್ ಟಿಕೆಟ್ ಮೊದಲೇ ಮಾಡಿಸಿಕೊಳ್ಳಿ. ಇಲ್ಲವೇ ಭಾನುವಾರ ಉಳಿದು ಸೋಮವಾರ ಬೆಳಗ್ಗೆ ಹತ್ತರ ನಂತರ ಹೊರಡಿ, ಏಕೆಂದರೆ ಸೋಮವಾರ ಬೆಳಗಿನ ಮೊದಲ ರೈಲು, ಬಸ್ಸುಗಳೆಲ್ಲ ಕೆಲಸಕ್ಕೆ ಹೋಗುವವರಿಂದ ತುಂಬಿರುತ್ತವೆ.

ದಸರೆಯಲ್ಲಿ ಅರಮನೆಗೆ ಪ್ರತಿ ಸಂಜೆ ದೀಪ ಹಾಕುತ್ತಾರೆ, ರಸ್ತೆಗಳಿಗೂ ಹಾಕುತ್ತಾರೆ. ಜಂಬೂ ಸವಾರಿಯ ದಿನ ಪಾಸ್ ಇಲ್ಲದವರು ಸಯ್ಯಾಜಿ ರಾವ್ ರಸ್ತೆಯಲ್ಲಿ ಬೆಳಗ್ಗೆಯಿಂದಲೇ ಜಾಗ ಹಿಡಿದು ಕೂರಬೇಕು. ಪುಟ್ಟ ಮಕ್ಕಳಿಗೆ, ವಯಸ್ಸಾದವರಿಗೆ ಅದು ಆಗದ ಮಾತು. ಅವರನ್ನು ನವರಾತ್ರಿಯ ಮೊದಲ ಮೂರ್ನಾಲ್ಕು ದಿನಗಳಲ್ಲಿ, ವಾರದ ನಡುವೆ ಕರೆತನ್ನಿ. ಅದೇ ದೀಪ, ಅದೇ ಅರಮನೆ, ನೂಕುನುಗ್ಗಲು ಕಡಿಮೆ. ಅರಮನೆ ಸುತ್ತಲಿನ ರಸ್ತೆಗಳನ್ನು ಆ ದಿನಗಳಲ್ಲಿ ಸಂಜೆ ಒನ್ ವೇ ಮಾಡುತ್ತಾರೆ. ಆದ್ದರಿಂದ ದಸರೆಗೆ ಮಾತ್ರ ಕಾರು ಬೇಡವೇ ಬೇಡ. ರೈಲಲ್ಲಿ ಬನ್ನಿ, ಸ್ಟೇಷನ್ ಹತ್ತಿರವೇ ರೂಮು ಮಾಡಿ. ರೂಮಿನ ಬೆಲೆ ಆ ಹತ್ತು ದಿನ ಮೇಲಕ್ಕೇರುತ್ತದೆ, ಎರಡು ತಿಂಗಳು ಮುಂಚೆ ರೈಲ್ವೆ ಬುಕಿಂಗ್ ತೆರೆದ ದಿನವೇ ಅದನ್ನೂ ಕಾದಿರಿಸಿಬಿಡಿ.